ಏಳು ಗಂಟೆಯ ಫ್ಯೂಸು

ಓಬಳೇಶಪ್ಪನಿಗೆ ಕೂತಲ್ಲಿ ಕೂರುವ ಜಾಯಮಾನವೇ ಇರಲಿಲ್ಲ. ನೇಕಾರರ ಮನೆಯಲ್ಲಿ ಹುಟ್ಟಿಯೂ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಒಂದು ಗಳಿಗೆ ನೆಟ್ಟಗೆ ಕೂತವನಲ್ಲ. ಹಿಂದೂಪುರಕ್ಕೆ ಕರೆಂಟು ಬಂದ ಕಾಲದಲ್ಲಿ ಮೊದಲು ಕಂಬ ಹೊತ್ತ, ಆಮೇಲೆ ಕಂಬ ಹತ್ತಿದ, ಕೊನೆಗೆ ಖಾಕಿ ಅಂಗಿ ತೊಟ್ಟು ಕಂಪನಿಯ ಲೈನ್‌ಮನ್ ಆದ. ಆ ಬೀದಿಯಿಂದ ನೌಕರಿ ಹಿಡಿದವನು ಅವನೊಬ್ಬನೇ. ಅವನ ಸೈಕಲ್ಲು ಬಂತೆಂದರೆ ಮುದುಕರೂ ಜಗಲಿಯಿಂದ ಎದ್ದು ಮಾತಾಡಿಸುತ್ತಿದ್ದರು.

ಊರಿಗೆ ಕರೆಂಟು ಕೊಡುತ್ತಿದ್ದುದು ಒಂದು ಖಾಸಗಿ ಕಂಪನಿ. ಯುದ್ಧಕ್ಕೆ ಮುಂಚೆ ತಂದ ಅದರ ಡೀಸೆಲ್ ಎಂಜಿನ್ನಿಗೆ ವಯಸ್ಸಾಗಿತ್ತು. ಸಂಜೆ ಏಳಕ್ಕೆ ಮ್ಯಾನೇಜರ್ ಸೀತಾರಾಮಪ್ಪನ ಭಾವಮೈದುನನ ಕಡಲೆಕಾಯಿ ಎಣ್ಣೆ ಮಿಲ್ಲು ಶುರುವಾಗುತ್ತಿತ್ತು. ಮಿಲ್ಲನ್ನೂ ಓಡಿಸಿ, ಪೇಟೆ ಬೀದಿಯನ್ನೂ ಬೆಳಗಿಸಿ, ನೇಕಾರರ ಬೀದಿಗೂ ಕೊಡುವಷ್ಟು ಕಸುವು ಆ ಎಂಜಿನ್ನಿಗೆಲ್ಲಿತ್ತು? ಸೀತಾರಾಮಪ್ಪ ಸುಲಭದ ದಾರಿ ಕಂಡುಕೊಂಡಿದ್ದ.

"ಏಮಯ್ಯಾ ಓಬಳೇಸು, ಏಳಕ್ಕೆ ನಿಮ್ಮ ಬೀದಿ ಫ್ಯೂಸು ಕಿತ್ಬುಡು. ಕೇಳಿದ್ರೆ ಲೈನು ಕೆಟ್ಟೈತೆ ಅನ್ನು. ಒಂಬತ್ತಕ್ಕೆ ಹಾಕುದ್ರಾಯ್ತು."

ಓಬಳೇಶಪ್ಪ ಕಿತ್ತ. ಒಂದು ದಿನವಲ್ಲ, ಎರಡು ದಿನವಲ್ಲ, ವಾರಕ್ಕೆ ನಾಲ್ಕು ಸಂಜೆಯಂತೆ ಮೂರು ವರ್ಷ. ಅಷ್ಟೇ ಆಗಿದ್ದರೆ ಹೊಟ್ಟೆಪಾಡು ಎಂದು ಬಿಡಬಹುದಿತ್ತು. ಕಿತ್ತ ಫ್ಯೂಸನ್ನು ಜೇಬಿಗಿಟ್ಟುಕೊಂಡೇ ಅವನು ತನ್ನ ಬೀದಿಗೆ ಬರುತ್ತಿದ್ದ. ಒಂದೊಂದು ಕಂಬದ ಬುಡದಲ್ಲೂ ನಿಂತು ಬ್ಯಾಟರಿ ಬಿಟ್ಟು ಮೇಲೆ ನೋಡುತ್ತಿದ್ದ, ತಲೆ ಕೆರೆದುಕೊಳ್ಳುತ್ತಿದ್ದ. ಇಲ್ಲದ ತಪ್ಪನ್ನು ಹುಡುಕುವ ಆ ನಾಟಕಕ್ಕೆ ಯಾವ ಕಂಪನಿ ನಾಟಕದವರೂ ಸಾಟಿಯಿರಲಿಲ್ಲ. "ಪಾಪ, ನಮ್ಮ ಓಬಳೇಶ ಊಟ ಬಿಟ್ಟು ಒದ್ದಾಡ್ತಾವ್ನೆ" ಎಂದು ಹೆಂಗಸರು ಅವನಿಗೆ ಮಜ್ಜಿಗೆ ತಂದುಕೊಡುತ್ತಿದ್ದರು. ಅವನು ಕುಡಿಯುತ್ತಿದ್ದ.

ಅವನ ಹೆಂಡತಿ ಬನಶಂಕರಿಯ ಕೈಕಸುಬಿಗೆ ಆ ಸೀಮೆಯಲ್ಲೇ ಹೆಸರಿತ್ತು. ಅವಳು ನೇಯ್ದ ಧಾರೆ ಸೀರೆಗಾಗಿ ಕಲ್ಯಾಣದುರ್ಗದಿಂದಲೂ ಜನ ಹೇಳಿಕಳಿಸುತ್ತಿದ್ದರು. ಸ್ವಾತಂತ್ರ್ಯ ಬಂದು ಎರಡು ವರ್ಷವಾಗಿದ್ದ ಆ ಮಾಘದಲ್ಲಿ ಅಲ್ಲಿನ ವರ್ತಕರ ಮನೆಯ ವೀರಭದ್ರಮ್ಮನ ಹಿರಿಮಗಳಿಗೆ ಮದುವೆ ಗೊತ್ತಾಗಿತ್ತು. ಕಡು ಹಸಿರು ರೇಷ್ಮೆ ಸೀರೆ, ಕೆಂಪಂಚು. ಮಾರನೆಯ ದಿನ ಮೊದಲ ಬಸ್ಸಿಗೆ ಸೀರೆ ಹೊರಡಬೇಕು, ಸೆರಗಿನ ತುದಿ ಇನ್ನೂ ಒಂದು ಮೊಳ ಬಾಕಿ.

"ಇವತ್ತೊಂದಿನ ಲೈನು ಕೆಡದಂಗೆ ನೋಡ್ಕಳಪ್ಪ," ಎಂದಳು ಬೆಳಿಗ್ಗೆ.

"ನೋಡ್ಕಂತೀನಿ ಬಿಡು," ಎಂದ.

ಏಳಕ್ಕೆ ಮಿಲ್ಲಿನ ಸಿಳ್ಳೆ ಕೂಗಿತು. ಅವನ ಕೈ ಎಂದಿನಂತೆ ಫ್ಯೂಸಿನ ಪೆಟ್ಟಿಗೆಗೆ ಹೋಯಿತು. ಒಂದು ಗಳಿಗೆ ತಡೆದ, ನಿಜ. ಆದರೆ ಸೀತಾರಾಮಪ್ಪ ಆಫೀಸಿನ ಬಾಗಿಲಲ್ಲೇ ನಿಂತಿದ್ದ. ಎರಡು ಗಂಟೆ ತಾನೆ, ಅವಳಿಗೇನು ದೀಪದಲ್ಲಿ ನೇಯ್ದು ರೂಢಿಯಿಲ್ಲವೆ ಎಂದುಕೊಂಡು ಕಿತ್ತೇಬಿಟ್ಟ.

ಬನಶಂಕರಿ ಹರಳೆಣ್ಣೆ ದೀಪ ಹಚ್ಚಿಕೊಂಡಳು. ನೂಲು ಸುತ್ತಿದ ಕಂಡಿಕೆಗಳ ಬುಟ್ಟಿಯಲ್ಲಿ ಇನ್ನೊಂದು ಸೀರೆಯ ಕರಿ ಕಂಡಿಕೆಗಳೂ ಇದ್ದವು. ಎಣ್ಣೆ ದೀಪದ ಮುಂದೆ ಕಡು ಹಸಿರಿಗೂ ಕಪ್ಪಿಗೂ ವ್ಯತ್ಯಾಸ ಕಾಣದೆಂದು ನೇಕಾರರಲ್ಲಿ ಅರಿಯದವರಿಲ್ಲ. ಬೇರೆ ದಿನವಾಗಿದ್ದರೆ ಅವಳು ಬೆಳಕು ಹರಿಯಲೆಂದು ಬಿಡುತ್ತಿದ್ದಳು. ಅಂದು ಅವಸರ. ಕರೆಂಟು ಬರುವ ಮುಂಚೆಯೇ ನೇಯ್ದು ಮುಗಿಸಿ, ಮಗ್ಗದಿಂದ ಕತ್ತರಿಸಿ, ಆ ಮಬ್ಬಿನಲ್ಲೇ ಮಡಿಸಿಟ್ಟಳು.

ಗಂಡ ಹೆಂಡಿರಿಬ್ಬರೂ ಪೆನುಕೊಂಡೆಯಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನಕ್ಕೆ ಕಲ್ಯಾಣದುರ್ಗ ಸೇರಿದರು. ವೀರಭದ್ರಮ್ಮ ನಂಟರನ್ನೆಲ್ಲ ಕರೆದು ಅಂಗಳದ ಬಿಸಿಲಲ್ಲಿ ಸೀರೆ ಬಿಚ್ಚಿದಳು. ಮದುವಣಗಿತ್ತಿ ತಲೆಯ ಮೇಲೆ ಹೊದೆಯಬೇಕಾದ ಸೆರಗಿನ ತುದಿಯಲ್ಲಿ ಗೇಣಗಲ ಕಪ್ಪು ಪಟ್ಟೆ.

"ನಮ್ ಹುಡುಗಿ ತಲೆ ಮೇಲೆ ಕರಿ ಹಾಕ್ತೀಯೇನಮ್ಮಾ? ಏನು ಗ್ರಹಚಾರ ತಂದಿಟ್ಟೆ!" ವೀರಭದ್ರಮ್ಮ ಸೀರೆಯನ್ನು ಮುದ್ದೆ ಮಾಡಿ ಅವಳ ಮಡಿಲಿಗೆಸೆದಳು.

ಬನಶಂಕರಿ ಸೀರೆ ಮಡಿಸಿಕೊಂಡು ಎದ್ದಳು. ಓಬಳೇಶಪ್ಪ ಚೀಲ ಎತ್ತಿಕೊಂಡು ಬಾಗಿಲ ಕಡೆ ನಡೆದ. ಹಿಂದಿರುಗುವಾಗ ಬಸ್ಸಿನಲ್ಲಿ ಅವಳೇ ಅವನಿಗೆ ಸಮಾಧಾನ ಹೇಳಿದಳು. "ನಿನ್ನ ತಪ್ಪೇನೈತೆ ಬಿಡು, ಕಣ್ಣು ನಂದು." ಆ ಮಾತಿಗಿಂತ ಚಪ್ಪಲಿಯಲ್ಲಿ ಹೊಡೆದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಕೆಟ್ಟ ಸುದ್ದಿಗೆ ಬಸ್ಸು ಬೇಕೆ? ಧಾರೆ ಸೀರೆಗೆ ಕರಿ ನೂಲು ಹಾಕಿದವಳು ಎಂದು ನಾಲ್ಕೂರಿಗೆ ಹಬ್ಬಿತು. ಮದುವೆ ಸೀರೆಯೆಂದು ಯಾರೂ ಅವಳ ಹೊಸ್ತಿಲು ತುಳಿಯಲಿಲ್ಲ. ಅಂಥ ಕೈ ಒರಟು ನೂಲಿನ ಸೀರೆಗೆ ಇಳಿಯಿತು. ಅವಳ ಹೆಸರನ್ನು ಮರಳಿ ತರಬಲ್ಲ ಮಾತು ಒಬ್ಬನ ಬಾಯಲ್ಲಿತ್ತು, ಅವನು ಆ ಬಾಯಿಯನ್ನು ಹೊಲಿದುಕೊಂಡು ಊರೆಲ್ಲ ಸೈಕಲ್ಲು ತುಳಿದ. ಮನೆಯಲ್ಲಿ ನಿಲ್ಲಲಾರ, ಆಫೀಸಿನಲ್ಲಿ ಕೂರಲಾರ. ಯಾರಾದರೂ "ಕರೆಂಟು" ಎಂದರೆ ಸಾಕು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಕಥೆಯಾಗುತ್ತಿತ್ತು.

ಅದೇ ಬೇಸಿಗೆಯಲ್ಲಿ ಊರಿನ ಜಗಳ ಜೋರಾಯಿತು. ಕಡಲೆಕಾಯಿ ವ್ಯಾಪಾರಿ ಮರುಳಸಿದ್ದಪ್ಪ ಮುನ್ನೂರು ಸಹಿ ಹಾಕಿಸಿ, ಕಂಪನಿಯನ್ನು ಸರ್ಕಾರವೇ ವಹಿಸಿಕೊಳ್ಳಬೇಕೆಂದು ಮದರಾಸಿಗೆ ಅರ್ಜಿ ಕಳಿಸಿದ. ಸೀತಾರಾಮಪ್ಪನ ಕಡೆಯವರು, "ಕಂಪನಿಯೋನಾದ್ರೆ ಮನೆತಾವ ಹೋಗಿ ಕೊರಳಪಟ್ಟಿ ಹಿಡೀಬೋದು ಕಣ್ರಯ್ಯಾ. ಸರ್ಕಾರದ ಕೊರಳು ಎಲ್ಲೈತೆ?" ಎನ್ನುತ್ತಿದ್ದರು. ಅದೂ ಸುಳ್ಳಲ್ಲ. ಆದರೆ ಮೂರು ವರ್ಷದಲ್ಲಿ ಕಂಪನಿಯ ಕೊರಳಪಟ್ಟಿ ಹಿಡಿದ ಒಬ್ಬನನ್ನೂ ನಾವು ಕಾಣೆವು.

ವಿಚಾರಣೆಗೆ ಮದರಾಸಿನಿಂದ ಆಫೀಸರು ಬಂದು ಛತ್ರದಲ್ಲಿ ಕೂತರು. ಊರೇ ನೆರೆದಿತ್ತು. ನೇಕಾರರ ಹೆಂಗಸರು ಬಾಗಿಲ ಬಳಿ ನಿಂತಿದ್ದರು. ಸೀತಾರಾಮಪ್ಪ ಕೈಮುಗಿದು, "ಹಳೇ ತಂತಿ ಸ್ವಾಮಿ, ಗಾಳಿಗೆ ಕೆಡುತ್ತೆ. ಬೇಕಾದ್ರೆ ನಮ್ಮ ಲೈನ್‌ಮನ್ನನ್ನೇ ಕೇಳಿ, ಅದೇ ಬೀದಿಯವನು," ಎಂದ. ನಾಯಿಗೆ ತನ್ನ ಬಾಲದ ಮೇಲಿರುವ ನಂಬಿಕೆ ಅವನಿಗೆ ಓಬಳೇಶಪ್ಪನ ಮೇಲಿತ್ತು.

"ಚೆಪ್ಪಯ್ಯಾ, ಹೇಳು, ಲೈನು ಯಾಕೆ ಕೆಡ್ತಿತ್ತು?" ಎಂದರು ಆಫೀಸರು.

ಓಬಳೇಶಪ್ಪ ಬಾಗಿಲ ಕಡೆ ನೋಡಿದ. ಬನಶಂಕರಿ ಅವನನ್ನೇ ನೋಡುತ್ತಿದ್ದಳು.

"ಲೈನು ಒಂದಿನಾನೂ ಕೆಟ್ಟಿಲ್ಲ ಸ್ವಾಮಿ. ಮಿಲ್ಲು ಓಡ್ಲಿ ಅಂತ ಫ್ಯೂಸು ಕೀಳ್ತಿದ್ದೋನು ನಾನೇ. ನನ್ನ ಹೆಂಡ್ತಿ ಮದುವೆ ಸೀರೆ ಮುಗಿಸೋ ದಿನಾನೂ ಕಿತ್ತೆ. ಕರಿ ನೂಲು ಹಾಕಿದ್ದು ಅವಳ ಕಣ್ಣಲ್ಲ, ನನ್ನ ಕೈ."

ಛತ್ರದಲ್ಲಿ ಹುಯ್ಯಲೆದ್ದಿತು. ಮರುಳಸಿದ್ದಪ್ಪ ಮೇಜು ಗುದ್ದಿ, "ನೋಡಿದ್ರಾ! ಇದಕ್ಕೇ ಸರ್ಕಾರ ಬರ್ಬೇಕು ಅಂದಿದ್ದು," ಎಂದು ಕೂಗಿದ. ಓಬಳೇಶಪ್ಪ ಅವನ ಕಡೆ ತಿರುಗಿ, "ಬರ್ಲಿ ಬುದ್ಧಿ. ದೇವ್ರು ಬದಲಾದ್ರೂ ಪೂಜಾರಿ ನಾನೇ ಅಲ್ವಾ? ಕೀಳೋ ಮುಂಚೆ ಬೀದಿಗೆ ನಿಜ ಹೇಳ್ಬೇಕು ಅಂತ ಒಂದು ಕಾನೂನು ಬರೆಸಿ," ಎಂದ. ಆಫೀಸರು ಫ್ಯೂಸಿನ ವಿಷಯ ಬರೆದುಕೊಂಡರು. ಕಾನೂನಿನದೂ ಸೀರೆಯದೂ ಬರೆಯಲಿಲ್ಲ.

ಸಂಜೆಗೆ ಅವನ ನೌಕರಿ ಹೋಯಿತು. ಮೂರು ದಿನ ಬನಶಂಕರಿ ಅವನ ಮುಂದೆ ತಟ್ಟೆ ಇಟ್ಟು ಮಗ್ಗದ ಗುಂಡಿಗೆ ಇಳಿಯುತ್ತಿದ್ದಳು. ನಾಲ್ಕನೆಯ ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು ಎದುರು ನಿಂತಳು.

"ಆಫೀಸರ್ ಮುಂದೆ ಹೇಳ್ದೆ, ಸರಿ. ಕಲ್ಯಾಣದುರ್ಗದಾಗೆ ಯಾರು ಹೇಳೋರು? ನಡಿ."

ಅದೇ ಅಂಗಳದಲ್ಲಿ ನಿಂತು ಅವನು ಇನ್ನೊಂದು ಸಲ ಎಲ್ಲವನ್ನೂ ಹೇಳಿದ. ವೀರಭದ್ರಮ್ಮ ಕೇಳಿ ಮುಗಿಸಿ, ಅವನ ಮುಖವನ್ನೂ ನೋಡದೆ ಬನಶಂಕರಿಯ ಕೈ ಹಿಡಿದುಕೊಂಡಳು. "ಕತ್ಲಲ್ಲಿ ನೇಯ್ದೆ ಅಂತ ಅವತ್ತು ಒಂದು ಮಾತು ಆಡ್ಬಾರ್ದಾಗಿತ್ತೇನಮ್ಮಾ? ಬರೋ ವರ್ಷ ಕಿರಿಮಗಳ ಮದುವೆ. ಸೀರೆ ನೀನೇ ನೇಯಬೇಕು ಕಣಮ್ಮ."

ವರ್ಷ ತಿರುಗುವುದರೊಳಗೆ ಕಂಪನಿ ಸರ್ಕಾರದ ಪಾಲಾಯಿತು. ಮರುಳಸಿದ್ದಪ್ಪನ ಶಿಫಾರಸಿನಿಂದ ಓಬಳೇಶಪ್ಪನಿಗೆ ಖಾಕಿ ಅಂಗಿ ಮರಳಿ ಬಂತು. ಹೊಸ ಎಂಜಿನ್ನು ಬಂತು, ಎಣ್ಣೆ ಮಿಲ್ಲಿನ ಸಂಜೆ ಓಟ ನಿಂತಿತು. ನೇಕಾರರ ಬೀದಿಯಲ್ಲಿ ಏಳಾದರೂ ಎಂಟಾದರೂ ದೀಪ ಮಿಣುಕದೆ ಉರಿಯುತ್ತಿತ್ತು. ಸರ್ಕಾರ ಗೆದ್ದಿತೆಂದು ಮರುಳಸಿದ್ದಪ್ಪ ಸಕ್ಕರೆ ಹಂಚಿದ. ಓಬಳೇಶಪ್ಪನೂ ಬಾಯಿಗೆ ಹಾಕಿಕೊಂಡ.

ಒಂದು ಸಂಜೆ ಅವನು ಮನೆಗೆ ಬಂದಾಗ ಮಗ್ಗದ ಮೇಲೆ ಕಿರಿಮಗಳ ಹಸಿರು ಸೀರೆ ಇತ್ತು. ಹೊರಗೆ ಹೊತ್ತು ಮುಳುಗುತ್ತಿತ್ತು. ನೆತ್ತಿಯ ಮೇಲೆ ಬಲ್ಬು ಹಗಲಿನಂತೆ ಬೆಳಗುತ್ತಿದ್ದರೂ ಬನಶಂಕರಿ ಲಾಳಿ ಇಟ್ಟು ಎದ್ದು, ಸೀರೆಯ ಮೇಲೆ ಬಟ್ಟೆ ಹೊದಿಸಿದಳು. ದಿನವೂ ಅವಳು ಇದೇ ಹೊತ್ತಿಗೆ ಏಳುವುದನ್ನು ಅವನು ನೋಡುತ್ತಲೇ ಇದ್ದ. ಅಂದು ತಡೆಯಲಾರದೆ ಕೇಳಿದ.

"ಯಾಕೆ ಎದ್ದೆ? ಕರೆಂಟು ಐತಲ್ಲ?"

"ಐತೆ," ಎಂದಳು ಬನಶಂಕರಿ, ಕೈ ಒರೆಸಿಕೊಳ್ಳುತ್ತ. "ಅದರ ಹಿಂದೆ ನೀನೂ ಇದ್ದೀಯಲ್ಲ."