ತೀರಿದ ಸಾಲದ ಗುಟ್ಟು

ಗಿರಿಜಾ, ನಮ್ಮ ಮನೆಯ ಸಾಲ ತೀರಿದ್ದು ಈ ತಿಂಗಳಲ್ಲ, ಹೋದ ತಿಂಗಳೂ ಅಲ್ಲ — ತೀರಿ ಎರಡು ವರ್ಷವಾಗಿತ್ತು. ನಾನೇ ಮುಚ್ಚಿಟ್ಟಿದ್ದೆ. ಮೊನ್ನೆ ಸೋಮವಾರ ಬ್ಯಾಂಕಿನ ಕಾಗದ ಕೈಗಿಟ್ಟಾಗ ನೀನು ತಾರೀಖು ಮಾತ್ರ ಓದಿದೆ. ಉಳಿದದ್ದನ್ನು ಹೇಳಲು ನನಗೆ ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬಟ್ಟೆಯ ಮೇಲೆ ಗೆರೆ ಎಳೆದ ಕೈ ಇದು, ಕಾಗದದ ಮೇಲೆ ಅಷ್ಟು ನೇರ ಓಡುವುದಿಲ್ಲ.

ಗುಳೇದಗುಡ್ಡದಲ್ಲಿ ಪ್ರಾಮಾಣಿಕ ಟೇಲರ್ ಎಂದು ನನಗೊಂದು ಹೆಸರಿದೆ. ಖಣ ತಂದವರಿಗೆ ಕುಪ್ಪಸದ ಜೊತೆ ಉಳಿದ ಅಂಗೈಯಗಲದ ತುಂಡನ್ನೂ ಮಡಚಿ ಕೊಡುವವನು ನಾನು. ಮನೆಯವರಿಗೆ ಮಾತ್ರ ಆ ತುಂಡೂ ಸಿಗಲಿಲ್ಲ. ಲಗ್ನದ ಸೀಜನ್ನಿನಲ್ಲಿ ನಾಲ್ಕು ಕಾಸು ಹೆಚ್ಚು ಬಂತೋ, ಬ್ಯಾಂಕಿಗೆ ಓಡಿ ಅಸಲಿಗೆ ಕಟ್ಟಿ ಬರುತ್ತಿದ್ದೆ. ಮಗಳು ಶ್ವೇತಾ ಶಾಲೆಯ ಟ್ರಿಪ್ಪಿಗೆ ಕೇಳಿದರೆ 'ಸಾಲ ತೀರ್ಲಿ'. ನೀನು ಫ್ರಿಜ್ ಎಂದರೆ 'ಸಾಲ ತೀರ್ಲಿ'. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ನಿಮಗೆ ಬುದ್ಧಿ ಹೇಳುತ್ತಿದ್ದೆನಲ್ಲ — ಹಾಸಿಗೆ ಉದ್ದವೇ ಇತ್ತು, ನಾನೇ ನಿಮ್ಮ ಕಾಲು ಮಡಚಿಸಿದ್ದೆ.

ಬ್ಯಾಂಕಿನ ಮ್ಯಾನೇಜರರೇ ಒಮ್ಮೆ ತಡೆಯಲಾರದೆ ಹೇಳಿದ್ದರು: "ಇದ್ದದ್ದೆಲ್ಲಾ ಸಾಲಕ್ಕ ಸುರೀಬ್ಯಾಡ್ರಿ ಟೇಲರ್. ಒಂದೀಟು ಕೈಯಾಗ ಇಟ್ಕೋರಿ, ಹೆಂಡ್ತಿ ಮಗಳನ್ನ ಎಲ್ಲ್ಯಾರ ಕರ್ಕೊಂಡು ಹೋಗಿ ಬರ್ರಿ." ಬಡ್ಡಿ ಕೈತಪ್ಪುತ್ತದೆಂದು ಅವರಿಗೆ ಹೊಟ್ಟೆಕಿಚ್ಚು ಎಂದುಕೊಂಡು ಬಂದೆ.

ಹದಿನೈದು ವರ್ಷದ ಸಾಲ ಏಳೇ ವರ್ಷಕ್ಕೆ ತೀರಿತು. ಆ ದಿನ ಕಾಲು ಕಿಲೋ ಪೇಢೆ ಕಟ್ಟಿಸಿಕೊಂಡು, ಕುಣಿಯುವುದೊಂದು ಬಿಟ್ಟು ಉಳಿದೆಲ್ಲ ಮಾಡುತ್ತಾ ಮನೆಗೆ ಬಂದೆ. ಬಾಗಿಲಲ್ಲೇ ನೀನೂ ಶ್ವೇತಾಳೂ ಅವಳ ಹಳೆಯ ನೋಟುಬುಕ್ಕು ಹಿಡಿದು ಕೂತಿದ್ದಿರಿ.

"ಸಾಲ ತೀರಿದ ಮ್ಯಾಲೆ ಏನೇನ್ ಮಾಡೂದು ಅಂತ ಬರ್ಯಾಕತ್ತೀವ್ರಿ," ಎಂದೆ ನೀನು. "ಒಂದು ಹಾಳಿ ತುಂಬಿತು. ಇನ್ನೆಷ್ಟು ಉಳದೈತ್ರಿ?"

ಒಂದು ಹಾಳೆ! ಸಾಲವಿದ್ದಾಗ ನನಗೆ ಭಯವೇ ಇರಲಿಲ್ಲ, ಗಿರಿಜಾ — ಸಾಲ ಕಾವಲಿಗಿತ್ತು. ಅದಿಲ್ಲದೆ ನಿಮ್ಮ ಆಸೆಗಳೆದುರು ನಾನೊಬ್ಬನೇ ನಿಲ್ಲಬೇಕಾಗಿತ್ತು.

"ಇನ್ನೂ ಭಾಳ ಐತಿ," ಎಂದುಬಿಟ್ಟೆ.

ನೀನು ನೋಟುಬುಕ್ಕು ಮುಚ್ಚಿ ರೊಟ್ಟಿ ಬಡಿಯಲು ಎದ್ದು ಹೋದೆ. ಪೇಢೆಯನ್ನು ಅಂಗಡಿಯ ಗುಂಡಿ ಡಬ್ಬಿಯಲ್ಲಿ ಬಚ್ಚಿಟ್ಟು ವಾರವಿಡೀ ಒಂದೊಂದಾಗಿ ತಿಂದೆ. ಒಂದನ್ನೂ ಬಿಡಲಿಲ್ಲ.

ಆಮೇಲೆ ಎರಡು ವರ್ಷ, ಪ್ರತಿ ತಿಂಗಳು 'ಕಂತು ಕಟ್ಟಿ ಬರ್ತೇನಿ' ಎಂದು ಹೊರಡುತ್ತಿದ್ದೆನಲ್ಲ, ಆ ದುಡ್ಡನ್ನು ಇನ್ನೊಂದು ಬ್ಯಾಂಕಿನಲ್ಲಿ ಠೇವಣಿ ಇಡುತ್ತಿದ್ದೆ. ಬರುವಾಗ ಹೋಟೆಲಿನಲ್ಲಿ ಒಂದು ಪ್ಲೇಟು ಗಿರ್ಮಿಟ್, ಒಂದು ಸ್ಪೆಷಲ್ ಚಹಾ. ಬಾಯಿ ಒರೆಸಿಕೊಂಡು, ಮೂಲೆಯವರೆಗೆ ಆರಾಮಾಗಿ ನಡೆದು, ನಮ್ಮ ಓಣಿ ಬಂದ ಮೇಲೆ ಸಾಲಗಾರನ ಮುಖ ಹಾಕಿಕೊಳ್ಳುತ್ತಿದ್ದೆ. ನಿಟ್ಟುಸಿರನ್ನಂತೂ ಅಭ್ಯಾಸ ಮಾಡಿ ಕಲಿತೆ. ನೀನು ಅದನ್ನು ಕೇಳಿ ತಂಬಿಗೆಯಲ್ಲಿ ನೀರು ತಂದುಕೊಡುತ್ತಿದ್ದೆ.

ಹೋದ ವಾರ ನಿನ್ನ ಅಕ್ಕ ಕಾಶಕ್ಕ ಬಾದಾಮಿಯಿಂದ ಬಂದಿದ್ದರಲ್ಲ. ನೀನು ಗಿರಣಿಗೆ ಹೋಗಿದ್ದೆ. ನಾನು ಚಹಾ ಕುಡಿಯುತ್ತಾ ತಮಾಷೆಗೆ, "ನಿಮ್ಮ ತಂಗಿ ಪಿತ್ತ ಆಗತೈತಂತ ಚಹಾ ಬಿಟ್ಟು ಭಾಳ ಶಾಣ್ಯಾ ಆದಳ್ರಿ," ಎಂದೆ.

ಕಾಶಕ್ಕ ನನ್ನನ್ನು ಮರುಕದಿಂದ ನೋಡಿದರು. "ಎಲ್ಲೀ ಪಿತ್ತರೀ? ಮನಿ ಸಾಲ ತೀರೋತನಕ ಚಹಾ ಮುಟ್ಟೂದಿಲ್ಲಂತ ಮಹಾಕೂಟದ ಹೊಂಡದಾಗ ಮುಳುಗಿ ಬೇಡ್ಕೊಂಡಾಳ. ಗಂಡಗ ಹೇಳಿದ್ರ ಫಲ ಸಿಗೂದಿಲ್ಲಂತ ಬಾಯಿ ಮುಚ್ಕೊಂಡಾಳ. ನಾ ಹೇಳೀನಿ ಅನಬ್ಯಾಡ್ರಿ ಮತ್ತ."

ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟೆ. ತವರಿನಲ್ಲಿ ನಿನ್ನನ್ನು ಚಹಾದ ಹುಳ ಎಂದು ಕರೆಯುತ್ತಿದ್ದರು. ಗೃಹಪ್ರವೇಶದ ಮರುವಾರ ನೀನು ಪಿತ್ತ ಎಂದಾಗ ನಾನು ಏನು ಮಾಡಿದೆ ಗೊತ್ತೇ? ಖುಷಿಪಟ್ಟೆ. ಅಂದೇ ಹಾಲಿನವನಿಗೆ ಅರ್ಧ ಲೀಟರ್ ಸಾಕೆಂದೆ, ಉಳಿದ ದುಡ್ಡನ್ನೂ ಸಾಲಕ್ಕೇ ಕಟ್ಟಿದೆ. ಮೊದಲ ಏಳು ವರ್ಷ ನೀನಾಗಿ ಬಿಟ್ಟದ್ದು. ಕೊನೆಯ ಎರಡು ವರ್ಷ ನಾನು ಕದ್ದದ್ದು. ಮಹಾಕೂಟದ ದೇವರು ಕೇಳಿದ್ದು ಕೊಟ್ಟು ಎರಡು ವರ್ಷದಿಂದ ನಿನ್ನ ಹರಕೆಯ ತೆಂಗಿನಕಾಯಿಗೆ ಕಾಯುತ್ತಿದ್ದ — ಅವನನ್ನೂ ನಾನೇ ಸುಳ್ಳನನ್ನಾಗಿ ಮಾಡಿದ್ದೆ.

ಸೋಮವಾರ ಮುಂಜಾನೆ ಜೀವನದಲ್ಲಿ ಮೊದಲ ಸಲ ಒಲೆಯ ಮುಂದೆ ನಿಂತೆ. ಗಟ್ಟಿ ಹಾಲು, ಜಜ್ಜಿದ ಶುಂಠಿ, ಕೈ ಬಿಚ್ಚಿ ಸಕ್ಕರೆ. ಕಾಗದದ ಪಕ್ಕ ಕಪ್ಪು ಇಟ್ಟೆ. ನೀನು ತಾರೀಖು ಓದಿದೆ, ಇನ್ನೊಮ್ಮೆ ಓದಿದೆ. ಹರಕೆಯ ಗುಟ್ಟನ್ನು ಕಾಶಕ್ಕ ನನಗೆ ಹೇಳಿಬಿಟ್ಟಿದ್ದಾರೆಂದು ಚಹಾ ನೋಡಿಯೇ ನಿನಗೆ ಅರ್ಥವಾಯಿತು. ಬೈಯುತ್ತೀ ಎಂದು ಕಾದೆ — ನಿಜ ಹೇಳಬೇಕೆಂದರೆ, ಬೈಸಿಕೊಂಡು ಹಗುರಾಗಬೇಕೆಂದೇ ಕಾದೆ. ನೀನು ಕಪ್ಪು ಎತ್ತಿ ಒಂದು ಗುಟುಕು ಕುಡಿದೆ. ಇನ್ನೊಂದು ಕುಡಿದೆ. ಕೆಳಗಿಟ್ಟೆ.

"ಹ್ವಾದ ವರ್ಷದ ತನಕ ಇದರ ವಾಸನಿ ಬಂದ್ರ ಜೀವ ತಡೀತಿದ್ದಿಲ್ರಿ," ಎಂದೆ ನೀನು. "ಈಗ ಯಾಕೋ ಸೇರವಲ್ದು."

ನಾನು ಕಪ್ಪು ತೆಗೆದುಕೊಂಡು ಬಚ್ಚಲ ಕಡೆ ಹೊರಟೆ.

"ಚೆಲ್ಲಬ್ಯಾಡ್ರಿ, ಹಾಲು ತುಟ್ಟಿ ಐತಿ. ನೀವ ಕುಡೀರಿ."

ನಿಂತಲ್ಲೇ ಕುಡಿದೆ, ಗಿರಿಜಾ. ನಿನ್ನನ್ನೂ ನನ್ನಂತೆ ಮಾಡಿಬಿಟ್ಟೆನಲ್ಲ — ಅದು ಆಗ ತಿಳಿಯಿತು. ತಪ್ಪಾಯಿತು.