ಲಿಫ್ಟಣ್ಣನ ಒಂಬತ್ತಡಿ ಗಾಳದ ಕೋಲು

ಲಿಫ್ಟಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಸಂಬಳದ ಚೀಟಿ ಬಿಟ್ಟರೆ ಬೇರೆಲ್ಲೂ ಕಾಣಿಸುತ್ತಿರಲಿಲ್ಲ. ಹನ್ನೊಂದು ಮಹಡಿಯ ಹಳೇ ಕಚೇರಿ ಕಟ್ಟಡದಲ್ಲಿ ಅವನು ಇಪ್ಪತ್ತಾರು ವರ್ಷದಿಂದ ಲಿಫ್ಟ್ ನಡೆಸುತ್ತಿದ್ದ. ಬಾಗಿಲನ್ನು ಕೈಯಲ್ಲೇ ಎಳೆಯಬೇಕಾದ ಕಬ್ಬಿಣದ ಜಾಲರಿ ಲಿಫ್ಟ್ ಅದು. ಒಳಗೆ ಅಗಲ ನಾಲ್ಕಡಿ, ಉದ್ದ ನಾಲ್ಕೂವರೆ. ಆರು ಜನ ತುಂಬಿಕೊಂಡರೆ ಅವನು ಗುಂಡಿಗಳ ಪಕ್ಕದ ಮೂಲೆಗೆ ಅಂಟಿ, ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿ, ಮುಂಗೈ ಮಾತ್ರ ಆಡಿಸುತ್ತಿದ್ದ. ಇಷ್ಟು ವರ್ಷದಲ್ಲಿ ಒಬ್ಬರಿಗೂ ಅವನ ಕೈ ತಾಗಿದ್ದಿಲ್ಲ. ಅದೇ ಅವನ ಹೆಮ್ಮೆ.

ನೌಕರಿ ಮುಗಿಯಲು ಒಂದೂವರೆ ತಿಂಗಳಿರುವಾಗ ಮ್ಯಾನೇಜರು ಒಂದು ಕಾಗದ ಹಿಡಿದು ಬಂದರು.

"ಇನ್ನೂ ಮೂರು ವರ್ಷ ಇರ್ತೀನಿ ಅಂತ ಸಹಿ ಹಾಕಪ್ಪ. ನಿನ್ನ ಬಿಟ್ರೆ ಈ ಮುದಿ ಲಿಫ್ಟು ಯಾರ ಮಾತೂ ಕೇಳಲ್ಲ."

"ತಿಂಗಳ ಕೊನೇ ಸೋಮವಾರ ಹೇಳ್ತೀನಿ ಸಾರ್" ಎಂದ.

ಅವನ ಹೆಂಡತಿ ದೊಡ್ಡ ಲಾಂಡ್ರಿಯೊಂದರಲ್ಲಿ ಹಾಸಿಗೆ ಚಾದರ ಒಗೆದು, ಕೊಡವಿ, ಒಣಹಾಕುವವಳು. ಬಾಯಿ ಜೋರು. "ಸಹಿ ಹಾಕ್ಬೇಡಿ ರೀ. ಸಾಕು, ನಿಂತೂ ನಿಂತೂ ಕಂಬ ಆಗಿದೀರಿ. ಆದ್ರೆ ಮನೇಲಿ ಕೂತು ಏನ್ಮಾಡ್ತೀರಾ? ರಜೆ ದಿನ ನಾನು ಅಡುಗೆಮನೆಗೆ ಹೊರಟ್ರೆ ಬಾಗಿಲಲ್ಲಿ ನಿಂತು ದಾರಿ ಬಿಡ್ತೀರಿ. ನಂಗೇನು ಹನ್ನೊಂದನೇ ಮಹಡಿಗೆ ಹೋಗೋದಿದೆಯಾ? ಹೊರಗೆ ಏನಾದ್ರೂ ಒಂದು ಹಿಡ್ಕೊಳ್ಳಿ. ಆಮೇಲೆ ಆ ಕಾಗದ ಹರಿದು ಬಿಸಾಕಿ."

ಹೊರಗೆ ಎಂದರೆ ಅವನಿಗೆ ಗೊತ್ತಿದ್ದದ್ದು ಒಂದೇ. ಕೊನೇ ಮಹಡಿಯಲ್ಲಿ ಬಾಗಿಲು ತೆರೆದಾಗ ಎದುರಿನ ಕಿಟಕಿಯಲ್ಲಿ ಸಮುದ್ರ ಕಾಣುತ್ತಿತ್ತು. ದಡದ ಬಂಡೆಗಳ ಹಿಂದೆ ಗೋಡೆಯ ಪಕ್ಕ ಉದ್ದುದ್ದ ಕೋಲು ಹಿಡಿದು ನಿಂತವರು ಕಾಣುತ್ತಿದ್ದರು. ಬಾಗಿಲು ಮುಚ್ಚುವವರೆಗೆ, ಅಂದರೆ ಏಳೆಂಟು ಸೆಕೆಂಡು, ನೋಡುತ್ತಿದ್ದ. ಅವರಲ್ಲಿ ತಾನೂ ಒಬ್ಬನಾಗಬೇಕು ಎಂದು ಶನಿವಾರ ಗಾಳದ ಅಂಗಡಿಗೆ ಹೋದ.

ಅಂಗಡಿಯಾಕೆ ಮೊದಲೇ ಕೇಳಿದಳು: "ದೋಣೀಲಿ ಹೋಗ್ತೀಯಾ, ದಡದಲ್ಲಿ ನಿಲ್ತೀಯಾ?"

"ದಡ. ಬೆಲೆ ಕಡಿಮೆಯದ್ದು ಬೇಕಮ್ಮ."

"ದಡಕ್ಕೆ ಒಂಬತ್ತಡಿ ಬೇಕಣ್ಣ, ಬಂಡೆ ದಾಟಿ ಬೀಳ್ಬೇಕಲ್ಲ. ಕಾರ್ಬನ್ ಕೋಲು ಹಗುರ, ಆದ್ರೆ ದುಬಾರಿ, ಕಲ್ಲಿಗೆ ತಾಗಿದ್ರೆ ಟಕ್ ಅಂತ ಹೋಗತ್ತೆ. ಫೈಬರ್ ಗ್ಲಾಸಿಂದು ಭಾರ, ಒರಟು, ಅಗ್ಗ. ಹೊಸಬರ ಏಟು ಅದೇ ತಡ್ಕೊಳ್ಳೋದು. ಉಳಿಯೋ ದುಡ್ಡನ್ನ ದಾರ ಸುತ್ತೋ ರೀಲಿಗೆ ಹಾಕು. ಉಪ್ಪುನೀರು ಮೊದಲು ತಿನ್ನೋದು ರೀಲನ್ನೇ."

ಕೋಲಿನುದ್ದಕ್ಕೂ ದಾರ ಹಾಯುವ ಉಂಗುರಗಳಿದ್ದವು. ಆಕೆ ಒಂದು ಉಂಗುರದೊಳಗೆ ಹತ್ತಿಯ ಎಳೆ ಎಳೆದು ತೋರಿಸಿದಳು. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ ಎಂದು ಅರ್ಥ, ದಾರ ಅಲ್ಲೇ ಸವೆಯುತ್ತದೆ. ಲಿಫ್ಟಣ್ಣ ಹತ್ತಿ ಇಸಿದುಕೊಂಡು ಏಳು ಕೋಲುಗಳ ಒಂದೊಂದು ಉಂಗುರವನ್ನೂ ಪರೀಕ್ಷಿಸಿದ. ಮುಕ್ಕಾಲು ಗಂಟೆ ಹಿಡಿಯಿತು. ಒಂದೇ ಒಂದು ಬಿರುಕು ಸಿಕ್ಕಿತು. ಆಕೆಗೆ ಅವನ ಮೇಲೆ ಗೌರವವೂ ಬಂತು, ಕೋಪವೂ ಬಂತು.

"ಈಗ ಬೀಸಿ ನೋಡು."

ಅವನು ಮೊಣಕೈ ಪಕ್ಕೆಗೆ ಒತ್ತಿಕೊಂಡೇ ಬೀಸಿದ. ಒಂಬತ್ತಡಿಯದು ಮಾತು ಕೇಳಲಿಲ್ಲ. ಆರಡಿಯದು ಮುಂಗೈ ತಿರುಗಿಸಿದಂತೆ ತಿರುಗಿತು.

"ಇದು ಕೈಗೆ ಕೂತಿದೆ."

"ಅದು ದೋಣಿಯವ್ರದು! ನಿನ್ನ ಕೈಗೆ ಕೂತ್ರೆ ಸಾಕಾ, ಮೀನನ್ನೂ ಒಂದು ಮಾತು ಕೇಳ್ಬೇಕಲ್ಲ?"

ಅವನು ಕೇಳಲಿಲ್ಲ, ಆರಡಿಯದನ್ನೇ ತಂದ. ಭಾನುವಾರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅವನು ದಾರದ ತುದಿಗೆ ಭಾರಕ್ಕೆಂದು ಕಟ್ಟಿದ್ದ ಸೀಸದ ಗುಂಡು ಬಂಡೆಗಳ ಮೇಲೇ ಬಿತ್ತು. ನಾಲ್ಕು ಕೊಕ್ಕೆ ಕಲ್ಲಿನ ಸಂದಿಗೆ ಹೋದವು. ಮಾರನೇ ದಿನ ಅಂಗಡಿಯಾಕೆ ಬೈದುಕೊಂಡೇ ಕೋಲು ಬದಲಾಯಿಸಿ ಒಂಬತ್ತಡಿಯದು ಕೊಟ್ಟಳು.

ಮುಂದಿನ ಭಾನುವಾರ ಹೆಂಡತಿಯೂ ಜೊತೆಗೆ ಬಂದಳು. ಮರುದಿನವೇ ಸಹಿಯ ಸೋಮವಾರ.

ಅವನು ಕೋಲು ಜೋಡಿಸಿ, ದಾರವನ್ನು ತೋರುಬೆರಳಿಗೆ ಸಿಕ್ಕಿಸಿ, ಬೀಸಿದ. ಗುಂಡು ಹೋದ ವಾರಕ್ಕಿಂತಲೂ ಹತ್ತಿರ ಬಿತ್ತು. ಪಕ್ಕದಲ್ಲಿ ಗಾಳ ಹಾಕಿದ್ದ ಕ್ಷೌರಿಕ ನೋಡಿದ. "ಯಜಮಾನ್ರೇ, ಕಂಕುಳಲ್ಲಿ ಏನಾದ್ರೂ ಬಚ್ಚಿಟ್ಟಿದೀರಾ? ಕೈ ಬಿಚ್ಚಿ. ಇಲ್ಲಿ ಯಾರಿಗೂ ತಾಗಲ್ಲ."

ಅವನು ಕೈ ಎತ್ತಿದ. ಅರ್ಧಕ್ಕೆ ಬಂದದ್ದೇ ತಡ, ಹಿಂದೆ ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಿದ. ಯಾರೂ ಇರಲಿಲ್ಲ. ಹೆಂಡತಿ ಇನ್ನಷ್ಟು ದೂರ ಸರಿದು ನಿಂತಳು. ಮತ್ತೆ ಎತ್ತಿದ, ಮತ್ತೆ ತಿರುಗಿದ. ಮೊಣಕೈ ತಾನಾಗಿಯೇ ಪಕ್ಕೆಗೆ ಬಂದು ಕೂತುಕೊಳ್ಳುತ್ತಿತ್ತು. ಹದಿನೇಳು ಸಲ ಬೀಸಿದ, ಹದಿನೇಳು ಸಲವೂ ಹಾಗೆಯೇ.

"ಕೊಡಿ ಇಲ್ಲಿ" ಎಂದು ಹೆಂಡತಿ ಕೋಲು ತೆಗೆದುಕೊಂಡಳು. ಒದ್ದೆ ಚಾದರ ಕೊಡವುವ ಹಾಗೆ ಎರಡು ತೋಳನ್ನೂ ತಲೆಯ ಹಿಂದಕ್ಕೆ ಒಯ್ದು ಒಮ್ಮೆ ಬೀಸಿದಳು. ಗುಂಡು ಬಂಡೆ ದಾಟಿ, ನೊರೆ ದಾಟಿ ಬಿತ್ತು. ಕ್ಷೌರಿಕ, "ಅಬ್ಬಾ ಅಕ್ಕಾ!" ಎಂದ. ಸ್ವಲ್ಪ ಹೊತ್ತಿಗೆ ಅಂಗೈಯಗಲದ ಮೀನೊಂದು ಬಂತು. ಅವಳು ಸಣ್ಣ ಹುಡುಗಿಯಂತೆ ಕೂಗಿಕೊಂಡಳು.

ಅವನಿಗೂ ಖುಷಿಯಾಯಿತು, ಸುಳ್ಳಲ್ಲ. ಆದರೆ ಸುತ್ತ ಅಷ್ಟೊಂದು ಬಯಲು, ಮೇಲೆ ಅಷ್ಟೊಂದು ಆಕಾಶ. ಬಕೆಟ್ ಹಿಡಿದು ನಿಂತವನಿಗೆ ಎದೆ ಬಿಗಿಯಿತು. ಒಂದೊಂದೇ ಹೆಜ್ಜೆ ಹಿಂದೆ ಸರಿದ. ಬೆನ್ನು ಗೋಡೆಗೆ ತಾಗಿದ ಮೇಲೆಯೇ ಸರಾಗ ಉಸಿರು ಬಂದದ್ದು. ಬಯಲು ತನ್ನಂಥವನಿಗಲ್ಲ ಎಂದು ಆಗ ಅವನಿಗೆ ತಿಳಿಯಿತು.

ಸೋಮವಾರ ಸಂಜೆ ಅವನು ಮನೆಗೆ ಬಂದಾಗ ಹೆಂಡತಿ ರೀಲನ್ನು ಮತ್ತೊಮ್ಮೆ ಸಿಹಿನೀರಲ್ಲಿ ತೊಳೆದು ಒರೆಸುತ್ತಿದ್ದಳು.

"ಸಹಿ ಹಾಕ್ಬಿಟ್ಟೆ" ಎಂದ.

"ಮೂರು ವರ್ಷಕ್ಕಾ?"

"ಮೂರು."

"ಇನ್ನೊಂದ್ ನಾಲ್ಕು ಭಾನುವಾರ ನೋಡಿದ್ರೆ ಕೈ ಬಿಚ್ಕೊಳ್ತಿತ್ತು ರೀ."

ಅವಳು ರೀಲಿನ ಹಿಡಿಯನ್ನು ಎರಡು ಸುತ್ತು ತಿರುಗಿಸಿ, ಶಬ್ದ ಬರುತ್ತದೇನೋ ಎಂದು ಕಿವಿಗಿಟ್ಟು ಕೇಳಿದಳು.

"ನನ್ನನ್ನೂ ಒಂದು ಮಾತು ಕೇಳ್ಬೇಕಿತ್ತು ನೀವು."

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಅಂತಿದ್ದೆ" ಎಂದಳು ಅವಳು.