ಖೋ ಸಿಗುವ ತನಕ

ಯೋಹಾನ ಸರ್ ಎಲ್ಲಿಯೂ ಪೂರ್ತಿ ಕುಳಿತದ್ದನ್ನು ನಾನು ನೋಡಿಲ್ಲ. ಬೈಲಹೊಂಗಲದ ನಮ್ಮ ಪತ್ರಿಕಾ ಕಚೇರಿಗೆ ಪಂದ್ಯದ ಫಲಿತಾಂಶ ಕೊಡಲು ಬಂದರೂ ಕುರ್ಚಿ ಬಿಟ್ಟು ಗೋಡೆಯ ಪಕ್ಕ ಕಾಲ್ಬೆರಳ ಮೇಲೆ ಕುಕ್ಕರಿಸುತ್ತಿದ್ದರು. ಹೆಣ್ಣುಮಕ್ಕಳಿಗೆ ಖೋಖೋ ಕಲಿಸುವ ದೈಹಿಕ ಶಿಕ್ಷಕರು. ಕ್ರೈಸ್ತರು. ಆಟವನ್ನೂ ಪ್ರಾರ್ಥನೆಯನ್ನೂ ಬೇರೆ ಮಾಡಿದವರಲ್ಲ.

“ಖೋ ಸಿಗೂತನಕ ಏಳಂಗಿಲ್ಲ, ಹಂಗಂತ ಮಲಗೂಹಂಗೂ ಇಲ್ಲ,” ಎನ್ನುತ್ತಿದ್ದರು. “ಬೆನ್ನ ಹಿಂದ ದೇವರು ಏನ್ ನಡಸ್ಯಾನ ನಮಗ ಕಾಣಂಗಿಲ್ಲ. ಅಂವ ಖೋ ಅಂದಾಗ ಎದ್ದು ಓಡೂದು.” ಮಳೆಗೆ ಪಂದ್ಯ ನಿಂತರೆ ಬೈಬಲಿನ ಪೌಲನ ಕಥೆ ಬರುತ್ತಿತ್ತು. “ಹಡಗ ಒಡೀತು, ಯಾವದೋ ದ್ವೀಪಕ್ಕ ಬಿದ್ದ. ಅಲ್ಲಿ ಜಡ್ಡಿನವರನ್ನ ಆರಾಮ ಮಾಡಿದ. ಅಂವ ಹೊಂಟಿದ್ದ ಊರು ಅದಲ್ಲ.”

ಅವರ ತಂಡದ ಚುರುಕಿನ ಹುಡುಗಿ ಕಸ್ತೂರಿ, ನೇಸರಗಿ ಕಡೆಯವಳು. ಸವದತ್ತಿಯಲ್ಲಿ ಕ್ರೀಡಾ ಹಾಸ್ಟೆಲಿನ ಆಯ್ಕೆಯಿತ್ತು. ಅವಳಪ್ಪ ಹೇಳಿಬಿಟ್ಟಿದ್ದ: “ಹಾಸ್ಟೆಲ್ ಸಿಕ್ಕರ ಓದ್ಲಿ. ಇಲ್ಲಾಂದ್ರ ಸಾಲಿ ಸಾಕು, ವರ ನೋಡೇವಿ.” ಆಯ್ಕೆ ಎರಡು ದಿನ, ಯಾವುದಾದರೊಂದು ದಿನ ಹೋದರೆ ಸಾಕಿತ್ತು. ಅಭ್ಯಾಸ ಇನ್ನಷ್ಟು ಆಗಲೆಂದು ಸರ್ ಎರಡನೆಯ ದಿನವನ್ನು ಆರಿಸಿದರು.

ಆ ದಿನ ಹುಣ್ಣಿಮೆ. ಅವರ ಮನೆಯಲ್ಲಿ ತೂಗುತ್ತಿದ್ದುದು ಚರ್ಚಿನ ಕ್ಯಾಲೆಂಡರ್. ಅದರಲ್ಲಿ ಹುಣ್ಣಿಮೆ ಇರಲಿಲ್ಲ.

ವರದಿಗೆಂದು ನಾನೂ ಅವರ ಟೆಂಪೋದಲ್ಲಿದ್ದೆ. ಸವದತ್ತಿ ಇನ್ನೂ ದೂರವಿರುವಾಗಲೇ ಎಲ್ಲಮ್ಮನ ಗುಡ್ಡದ ಜಾತ್ರೆಗೆ ಹೊರಟ ಚಕ್ಕಡಿ, ಟ್ರ್ಯಾಕ್ಟರುಗಳ ನಡುವೆ ಸಿಕ್ಕಿಬಿದ್ದೆವು.

“ಇವತ್ತೇನೈತ್ರೀ, ಇಷ್ಟ ಮಂದಿ?” ಸರ್ ಚಾಲಕನನ್ನು ಕೇಳಿದರು.

“ಹುಣ್ಣಿವಿ ಅಲ್ರೀ ಸರ.”

ಸರ್ ಹುಡುಗಿಯರತ್ತ ತಿರುಗಿದರು. “ನಿಮಗ ಗೊತ್ತಿತ್ತೇನವಾ?”

“ಗೊತ್ತಿತ್ರೀ,” ಎಂದಳು ಕಸ್ತೂರಿ. “ನೀವು ತಿಳದ ಆರಿಸೀರಿ ಅಂದ್ಕೊಂಡ್ವಿ.”

“ದಾರ್ಯಾಗ ಹೊತ್ತಾಕ್ಕೈತಂತ ನಮ್ಮವ್ವ ಕಡಬು ಕಟ್ಯಾಳ್ರೀ,” ಹಿಂದಿನಿಂದ ಇನ್ನೊಬ್ಬಳು ಡಬ್ಬಿ ಎತ್ತಿ ತೋರಿಸಿದಳು.

ಯಾರೂ ನಗಲಿಲ್ಲ. ಸರ್ ಸೀಟಿನ ಅಂಚಿನಿಂದಿಳಿದು ಅಲ್ಲೇ ಕುಕ್ಕರಿಸಿ ಕಣ್ಣು ಮುಚ್ಚಿದರು. ಕಸ್ತೂರಿ ಬಹಳ ಹೊತ್ತು ಅವರ ಮುಖವನ್ನೇ ನೋಡಿದಳು.

“ಸರ, ಖೋ ಬಂತೇನ್ರೀ?”

ಅವರು ಬಾಗಿಲು ತೆಗೆದು ಓಡಿದರು. ಎಲ್ಲರೂ ಓಡಿದೆವು. ತಲುಪಿದಾಗ ಆಯ್ಕೆದಾರರು ಹೋಗಿದ್ದರು. ಮೈದಾನದಲ್ಲಿ ಸುಣ್ಣದ ಗೆರೆಗಳಿದ್ದವು. ಕಸ್ತೂರಿ ಒಂದು ಚೌಕದಲ್ಲಿ ಹೋಗಿ ಕುಳಿತಳು, ನಮಗೆ ಬೆನ್ನು ಮಾಡಿ. ಸರ್ ಅವತ್ತು ಪೌಲನ ಕಥೆ ಹೇಳಲಿಲ್ಲ.

ಆಮೇಲೆ ಪ್ರತಿ ಭಾನುವಾರ ಪ್ರಾರ್ಥನೆ ಮುಗಿಸಿ ಅವಳ ಮನೆಗೆ ಹೋಗತೊಡಗಿದರು. ಒಮ್ಮೆ ನನ್ನನ್ನೂ ಕರೆದುಕೊಂಡು ಹೋದರು. ದಾರಿಯಲ್ಲಿ ಒಂದೇ ಮಾತಾಡಿದರು: “ಪಾಠ ನಾ ಕಲೀಬೇಕಿತ್ರೀ. ಪರೀಕ್ಷೆ ಆಕಿಗೆ ಬಂತು.”

“ಮತ್ತ ಬಂದ್ರ್ಯಾ ಸರ?” ಅವಳಪ್ಪ ಬಾಗಿಲಿಗೆ ಬಂದ. “ಒಳಗ ಬರ್ರಿ, ಚಾ ಕುಡೀರಿ. ಸಾಲಿ ಮಾತ ಮಾತ್ರ ಬ್ಯಾಡ. ಬಳಿ ಇಡಸೂದು ನಡದೈತಿ.”

“ಚಾ ಬ್ಯಾಡ್ರಿ. ಇಲ್ಲೇ ಕುಂದರತೇನಿ.”

ಒಳಗೆ ಮದುವೆಯ ಹಸಿರು ಬಳೆಗಳ ಸದ್ದು. ಸರ್ ಕಟ್ಟೆಯ ಮೇಲೆ ಕಾಲ್ಬೆರಳೂರಿ, ಬಾಗಿಲಿಗೆ ಬೆನ್ನು ಮಾಡಿ ಕುಕ್ಕರಿಸಿದರು. ಆ ವಾರವೇ ನನಗೆ ಬೇರೆ ಊರಿಗೆ ವರ್ಗವಾಯಿತು; ಅವರನ್ನು ನಾನು ಕಂಡದ್ದು ಅದೇ ಕೊನೆ. ಬಸ್ಸಿನ ಹೊತ್ತಾಯಿತೆಂದು ನಾನು ಎದ್ದೆ. ಅವರು ಏಳಲಿಲ್ಲ.